ಜೂನ್ ಒಂದರ ಮಕ್ಕಳು

ನಾನು ಸುಮಾರು ಇನ್ನೂರು ಮಕ್ಕಳನ್ನು ಒಂದೇ ದಿನ ಹುಟ್ಟಿಸಿದ್ದೇನೆ. ಹೆಣ್ಣುಮಗಳೊಬ್ಬಳು ಎದೆ ತಟ್ಟಿ ಹೇಳಿಕೊಳ್ಳುವ ಮಾತು ಇದಲ್ಲ ಎಂದು ನನಗೂ ಗೊತ್ತು. ಆದರೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಕಮಲಾಪುರದ ಒಂದು ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ ಅದನ್ನು ಸಾಲು ಸಾಲಾಗಿ ಬರೆದಿಟ್ಟಿದ್ದೇನೆ. ಮಗುವಿನ ಹೆಸರು ಬೇರೆ, ತಂದೆ ಬೇರೆ, ಓಣಿ ಬೇರೆ, ಜಾತಿ ಬೇರೆ. ಹುಟ್ಟಿದ ದಿನ ಮಾತ್ರ ಎಲ್ಲರದೂ ಒಂದೇ, ಜೂನ್ ಒಂದು. ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನ ಅಕ್ಷರ ನೋಡಿ ಮುತ್ತು ಪೋಣಿಸಿದ ಹಾಗಿದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಅಕ್ಷರ ದುಂಡಗಿರುವುದು ಒಂದು ಅಪರಾಧವೆಂದೂ, ಅದಕ್ಕೆ ಜೀವನಪರ್ಯಂತ ರಿಜಿಸ್ಟರು ಬರೆಯುವ ಶಿಕ್ಷೆ ಇದೆಯೆಂದೂ ಪಾಪ ಅವರಿಗೇನು ಗೊತ್ತಿತ್ತು.

ಪ್ರತಿ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುತ್ತಲೇ ನಮ್ಮ ಹೆಡ್‌ಮಾಸ್ತರ್ ಗುರುಪಾದಪ್ಪನವರು ಆ ರಿಜಿಸ್ಟರನ್ನು ನನ್ನ ಮುಂದೆ ದೂಡಿ, ತಾವು ಮಕ್ಕಳ ವಯಸ್ಸು ನಿಶ್ಚಯಿಸಲು ಕೂಡುತ್ತಿದ್ದರು. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. "ಯಾವಾಗ ಹುಟ್ಟ್ಯಾಳ ಯವ್ವಾ ಇಕಿ?" ಎಂದು ಕೇಳಿದರೆ, "ತೊಗರಿ ರಾಶಿ ನಡದಿತ್ರಿ ಸರ. ನಮ್ಮ ಕೆಂಪ ಆಕಳಾ ಈದಿದ್ದ ವರ್ಷ" ಎಂಬ ಉತ್ತರ ಬರುತ್ತಿತ್ತು. ಕೆಂಪು ಆಕಳು ಈದ ವರ್ಷವನ್ನು ಇಸವಿಗೆ ಇಳಿಸುವ ವಿದ್ಯೆ ಗುರುಪಾದಪ್ಪನವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ದಾಟಿಸಿ ಎಡಗಿವಿಗೆ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ಎಟುಕಿತೆಂದರೆ ಆರು ವರ್ಷ ತುಂಬಿದೆ ಎಂದರ್ಥ. ಎಟುಕದಿದ್ದರೆ ಸ್ವಲ್ಪ ಕೈ ಜಗ್ಗುತ್ತಿದ್ದರು, ಆಗ ಎಟುಕುತ್ತಿತ್ತು. "ಬರೀರಿ ಅಕ್ಕೋರ, ಜೂನ್ ಒಂದು" ಎನ್ನುತ್ತಿದ್ದರು. ನಾನು ಆ ವರ್ಷದಿಂದ ಆರು ಕಳೆದು ಬರೆಯುತ್ತಿದ್ದೆ. ಗುರುಪಾದಪ್ಪನವರನ್ನು ಶಾಲೆಗೆ ಸೇರಿಸಿದ ಮಾಸ್ತರರೂ ಹೀಗೆಯೇ ಮಾಡಿದ್ದರಂತೆ. ಹಾಗಾಗಿ ನಮ್ಮ ಭಾಗದಲ್ಲಿ ಪ್ರತಿ ವರ್ಷ ಮೇ ತಿಂಗಳ ಕೊನೆಯ ದಿನ ಮಾಸ್ತರರು ಹಿಂಡು ಹಿಂಡಾಗಿ ನಿವೃತ್ತರಾಗುತ್ತಾರೆ, ಶಾಲು ಹಾರ ಸಿಗುವುದು ಕಷ್ಟವಾಗುತ್ತದೆ.

ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ ಎಂಬುದನ್ನು ನಾನು ಇಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ. ತೊಂದರೆ ಶುರುವಾದದ್ದು ಕಾನೂನು ಬರುತ್ತದೆ ಎಂಬ ಸುದ್ದಿ ಬಂದ ಮೇಲೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ರಾಜ್ಯದ ಪ್ರತಿಯೊಂದು ಮಗುವಿಗೂ ಒಂದು ನಂಬರು ಕೊಟ್ಟು, ಅದು ಯಾವ ತರಗತಿಯಲ್ಲಿದೆ, ಎಷ್ಟು ಅಂಕ ತೆಗೆದಿದೆ, ಮುಂದೆ ಸಾಗಿದೆಯೋ ಹಿಂದೆ ಬಿದ್ದಿದೆಯೋ ಎಲ್ಲವನ್ನೂ ಒಂದೇ ಕಡೆ ಕಂಪ್ಯೂಟರಿನಲ್ಲಿ ಇಡುವುದಂತೆ. ಅದಕ್ಕೆ ವಿಧಾನಸಭೆಯಲ್ಲಿ ಮಸೂದೆ ಬರುತ್ತದೆ ಎಂದು ಒಬ್ಬರು, ಬಂದಾಗಿದೆ ಎಂದು ಇನ್ನೊಬ್ಬರು, ಪಾಸಾಗಿ ಸಹಿಗೆ ಹೋಗಿದೆ ಎಂದು ಮತ್ತೊಬ್ಬರು ಹೇಳಿದರು. ಕಲಬುರಗಿಯಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಚುರುಮುರಿ ಸುಸಲಾ, ಮಿರ್ಚಿ ಭಜಿ, ಚಹಾ ಎಲ್ಲ ಚೆನ್ನಾಗಿತ್ತು. ಕೊನೆಯಲ್ಲಿ ಪ್ರಶ್ನೆ ಇದ್ದರೆ ಕೇಳಿ ಎಂದರು. ಕೇಳಬಾರದು ಎಂಬ ಅರ್ಥದಲ್ಲಿ ಹಾಗೆ ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೂ ಎದ್ದು ನಿಂತೆ. "ಸರ್, ಆ ಕಾನೂನು ಒಮ್ಮೆ ತೋರಸ್ರಿ, ಓದಿ ನೋಡ್ತೀನಿ" ಎಂದೆ. ವೇದಿಕೆಯ ಮೇಲಿದ್ದ ಸಾಹೇಬರು ಪಕ್ಕದವರ ಮುಖ ನೋಡಿದರು. ಪಕ್ಕದವರು ತಟ್ಟೆಯಲ್ಲಿ ಉಳಿದಿದ್ದ ಭಜಿ ನೋಡಿದರು. "ಕಾನೂನು ಬರ್ತದ್ರಿ ಮೇಡಂ. ಅದು ಬರೋತನಕ ನೀವು ಫಾರ್ಮ್ ತುಂಬ್ರಿ" ಎಂದರು. ಇನ್ನೂ ಬಾರದ ಕಾನೂನಿನ ಫಾರ್ಮು ಮಾತ್ರ ಎತ್ತಿನ ಗಾಡಿಯಷ್ಟು ಬಂದಿತ್ತು.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ದಿನಾ ಬೆಳಿಗ್ಗೆ ಹುಮನಾಬಾದ್ ಕಡೆ ಹೋಗುವ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುತ್ತೇನೆ. ಹೋಗುವಾಗ ಸೀಟಿಗಾಗಿ ಜಗಳ, ಬರುವಾಗ ಚಿಲ್ಲರೆಗಾಗಿ ಜಗಳ. ನಡುವೆ ಶಾಲೆಯಲ್ಲಿ ಜಗಳವಾಡುವಂಥದ್ದು ಏನೂ ಇರುತ್ತಿರಲಿಲ್ಲ, ಏಕೆಂದರೆ ಗುರುಪಾದಪ್ಪನವರ ಜೊತೆ ಜಗಳವಾಡುವುದು ಹತ್ತಿಯ ಮೂಟೆಯನ್ನು ಗುದ್ದಿದ ಹಾಗೆ. ನಮ್ಮ ಯಜಮಾನರು ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನಿಯಮದ ಮನುಷ್ಯ. ಮದುವೆಯಾದ ಹೊಸತರಲ್ಲಿ ನನ್ನ ಸಿಟ್ಟು ನೋಡಿ ಗಾಬರಿಯಾಗಿದ್ದರು, ಆಮೇಲೆ ರೂಢಿಯಾಯಿತು. ಈಗ ನಾನು ಕುಲಕರ್ಣಿ ಮನೆತನದ ಸೊಸೆ ಎಂಬುದಕ್ಕಿಂತ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ್ನು ಕೆಳಗಿಳಿಸಿದ ಹೆಂಗಸು ಎಂದೇ ನಮ್ಮ ಓಣಿಯಲ್ಲಿ ಹೆಚ್ಚು ಪರಿಚಿತಳು.

ಫಾರ್ಮುಗಳನ್ನು ತುಂಬಿದ್ದೂ ನಾನೇ. ಅದರಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ತರಗತಿ, ಅಂಕ ಇಷ್ಟಕ್ಕೆ ಮಾತ್ರ ಜಾಗವಿತ್ತು. ನಮ್ಮ ಕಡೆ ಮನೆತನದ ಅಡ್ಡಹೆಸರಿಲ್ಲದೆ ಮನುಷ್ಯನನ್ನು ಗುರುತಿಸುವುದಿಲ್ಲ. ಫಾರ್ಮು ಮಾಡಿದ ಬೆಂಗಳೂರಿನ ಪುಣ್ಯಾತ್ಮರಿಗೆ ಹೆಸರಿನ ಹಿಂದೆ ಒಂದು ಇನಿಶಿಯಲ್ಲು ಇದ್ದರೆ ಸಾಕು, ಸುಖವಾಗಿ ಬಾಳುತ್ತಾರೆ. ತಾಯಿಯ ಹೆಸರಿಗಂತೂ ಕಾಲಮ್ಮೇ ಇರಲಿಲ್ಲ. ಒಂಬತ್ತು ತಿಂಗಳು ಹೊತ್ತವಳು ಆ ಅಗಲವಾದ ಹಾಳೆಯ ಮೇಲೆ ಎಲ್ಲಿಯೂ ಇರಲಿಲ್ಲ. ನಾನು ಹಾಳೆಯ ಅಂಚಿನಲ್ಲಿ ಸಣ್ಣದಾಗಿ ತಾಯಂದಿರ ಹೆಸರು ಬರೆಯುತ್ತ ಹೋದೆ. ಗುರುಪಾದಪ್ಪನವರು ನೋಡಿ, "ಅಂಚಿನಾಗಿಂದು ಕಂಪ್ಯೂಟರಕ್ಕ ಕಾಣಂಗಿಲ್ಲಂತ್ರಿ ಅಕ್ಕೋರ" ಎಂದರು. "ನನಗ ಕಾಣಸ್ತದಲ್ರೀ" ಎಂದೆ.

ಆರು ತಿಂಗಳ ನಂತರ ಶಾಲೆಗೆ ಒಂದು ಪತ್ರ ಬಂತು. ಏಳನೆಯ ತರಗತಿಯ ಶರಣಮ್ಮ, ತಂದೆ ಶರಣಪ್ಪ, ಎಂಬ ವಿದ್ಯಾರ್ಥಿನಿ ಗಣಿತದ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೊಂದು ಪಡೆದಿದ್ದು, ಅದೇ ದಿನ ಅದೇ ಪರೀಕ್ಷೆಯಲ್ಲಿ ಹದಿಮೂರಕ್ಕೆ ಕುಸಿದಿರುತ್ತಾಳೆ, ಪ್ರಗತಿಯಲ್ಲಿನ ಈ ತೀವ್ರ ಇಳಿಕೆಗೆ ಕಾರಣವೇನು, ಏಳು ದಿನದೊಳಗೆ ತಿಳಿಸುವುದು ಎಂದಿತ್ತು. ನಾನು ರಜೆಯಲ್ಲಿದ್ದೆ. ಗುರುಪಾದಪ್ಪನವರು ಪತ್ರವನ್ನು ಎರಡು ಸಲ ಓದಿ, ಇಳಿಕೆಯ ಬಗ್ಗೆ ವಿಷಾದಿಸುತ್ತೇವೆ, ವಿಶೇಷ ಬೋಧನೆ ಕೊಟ್ಟು ಮೇಲೆತ್ತುತ್ತೇವೆ ಎಂದು ಉತ್ತರ ಬರೆದು ಸಹಿ ಮಾಡಿ ಕಳಿಸಿಬಿಟ್ಟಿದ್ದರು. ಕೇಳಿದರೆ, "ಕೇಳಿದ್ದಕ್ಕ ಉತ್ತರಾ ಕೊಟ್ಟೀನ್ರಿ. ತಪ್ಪೇನದ?" ಎಂದರು.

ನಮ್ಮ ಏಳನೆಯ ತರಗತಿಯಲ್ಲಿ ಶರಣಮ್ಮಂದಿರು ಇಬ್ಬರು. ಶರಣರ ನಾಡಿನಲ್ಲಿ ಇಬ್ಬರೇ ಇದ್ದದ್ದು ಪುಣ್ಯ ಎನ್ನಬೇಕು. ಇಬ್ಬರ ತಂದೆಯ ಹೆಸರೂ ಶರಣಪ್ಪ, ಮನೆತನ ಮಾತ್ರ ಬೇರೆ ಬೇರೆ. ಒಬ್ಬಳು ನನ್ನ ಹೆಗಲಿನ ತನಕ ಬರುತ್ತಿದ್ದಳು, ಇನ್ನೊಬ್ಬಳು ಮೇಜಿನಷ್ಟೇ ಎತ್ತರ. ಉದ್ದ ಶರಣಿ, ಗಿಡ್ಡ ಶರಣಿ ಎಂದು ಇಡೀ ಶಾಲೆ ಕರೆಯುತ್ತಿತ್ತು. ನಲವತ್ತೊಂದು ಗಿಡ್ಡ ಶರಣಿಯದು, ಹದಿಮೂರು ಉದ್ದ ಶರಣಿಯದು. ಒಂದೇ ವರ್ಷ ಶಾಲೆಗೆ ಸೇರಿದವರು, ಹಾಗಾಗಿ ಇಬ್ಬರನ್ನೂ ನಾನು ಒಂದೇ ವರ್ಷದ ಜೂನ್ ಒಂದರಂದು ಹುಟ್ಟಿಸಿದ್ದೆ. ಹೆಸರು ಒಂದೇ, ತಂದೆಯ ಹೆಸರು ಒಂದೇ, ದಿನಾಂಕವೂ ಒಂದೇ. ಕಂಪ್ಯೂಟರು ಇಬ್ಬರನ್ನೂ ಹಿಡಿದು ಒಬ್ಬಳನ್ನಾಗಿ ಮಾಡಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಮಾರ್ಚ್‌ನಲ್ಲಿ ನಂಬರಿನ ಚೀಟಿಗಳು ಬಂದವು. ಈ ಚೀಟಿ ಇಲ್ಲದವರಿಗೆ ಎಂಟನೆಯ ತರಗತಿಗೆ ಹೈಸ್ಕೂಲಿನಲ್ಲಿ ಪ್ರವೇಶವಿಲ್ಲ ಎಂಬ ಮಾತು ಅದರ ಹಿಂದೆಯೇ ಬಂತು. ಇಬ್ಬರು ಶರಣಮ್ಮಂದಿರಿಗೆ ಒಂದೇ ಚೀಟಿ. ಉದ್ದ ಶರಣಿಯ ತಂದೆ ಚುರುಕು ಮನುಷ್ಯ, ಸುದ್ದಿ ತಿಳಿದ ದಿನವೇ ಬಂದು ಸಹಿ ಮಾಡಿ ಚೀಟಿ ತೆಗೆದುಕೊಂಡು ಹೋದ. ಗಿಡ್ಡ ಶರಣಿಯ ತಂದೆ ಮರುದಿನ ಬಂದ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಸುತ್ತೆಲ್ಲ ಹೆಸರಾದದ್ದು, ಆತ ಒಬ್ಬರ ಬಾಳೆತೋಟದಲ್ಲಿ ಪಾಲಿಗೆ ದುಡಿಯುತ್ತಿದ್ದ. ಚೀಟಿ ಇಲ್ಲ ಎಂದಾಗ ಆತ ಬೇಸರಪಡಲಿಲ್ಲ. ಅದೇ ನನಗೆ ಕೆಟ್ಟದ್ದೆನಿಸಿತು. "ಇರ್ಲಿ ಬಿಡ್ರಿ ಅಕ್ಕೋರ. ನಂಬರ ಇಲ್ಲಂದ್ರ ಮನ್ಯಾಗ ಇರ್ಲಿ. ತೋಟದಾಗ ಕೈಗೊಂದು ಆಳು ಬೇಕಾಗ್ಯಾದ" ಎಂದ. ಎಷ್ಟೋ ದಿನದಿಂದ ಹುಡುಕುತ್ತಿದ್ದ ಕಾರಣವೊಂದನ್ನು ಸರ್ಕಾರವೇ ಮನೆಬಾಗಿಲಿಗೆ ತಂದುಕೊಟ್ಟ ಹಾಗಿತ್ತು ಆತನ ಮುಖ.

ಗಿಡ್ಡ ಶರಣಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳುವ ಜಾತಿಯವಳಲ್ಲ. ಅಪ್ಪ ಹೋದ ಮೇಲೆ ನನ್ನ ಹತ್ತಿರ ಬಂದು ಬಹಳ ಶಾಂತವಾಗಿ, "ಅಕ್ಕೋರ, ನಾ ಇಲ್ಲಂದ ಮ್ಯಾಲ, ಆ ನಲವತ್ತೊಂದು ಯಾರ ತಗದಾರ್ರಿ?" ಎಂದು ಕೇಳಿದಳು. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವಳಿಗೆ ಹದಿಮೂರರ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲವೆಂದರೆ ಎಷ್ಟು ಸಿಟ್ಟು ಬರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಕಂಪ್ಯೂಟರು ಮಾಡಿದ್ದು ಆಮೇಲಿನ ಮಾತು, ಆ ಜೂನ್ ಒಂದನ್ನು ಬರೆದ ಕೈ ನನ್ನದು.

ಮರುದಿನವೇ ಅರ್ಧ ದಿನ ರಜೆ ಹಾಕಿ ಕಲಬುರಗಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವರು ಖಾಜಾಮಿಯಾ. ಮೋಮಿನಪುರದಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿ, ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಇಲ್ಲಿ ದಿನಗೂಲಿಗೆ ಸೇರಿದ್ದವರು. ಕೀಲಿಗಳನ್ನು ಈಗಲೂ ಟೈಪ್‌ರೈಟರಿನಂತೆಯೇ ಕುಟ್ಟುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ದೇಖೋ ಬಾಯಿ, ಮೂರೂ ಖಾನೆ ಸೇಮ್ ಅದಾವ. ಬಚ್ಚೀಕಾ ನಾಮ್ ಸೇಮ್, ಬಾಪ್‌ಕಾ ನಾಮ್ ಸೇಮ್, ತಾರೀಖ್ ಸೇಮ್. ಮಶೀನ್ ಏನಂತದ, ಏಕೀಚ್ ಹೈ, ಒಬ್ಬಾಕೀನ ಅಂತದ. ನಾ ಏನ್ ಮಾಡ್ಲಿ ಹೇಳ್ರಿ?" ಯಾವುದಾದರೂ ಒಂದು ಖಾನೆ ಬೇರೆಯಾದರೆ ತಕ್ಷಣ ಎರಡು ಮಾಡಿಕೊಡುತ್ತೇನೆ, ಆದರೆ ಬದಲಾವಣೆ ಶಾಲೆಯ ರಿಜಿಸ್ಟರಿನಲ್ಲಿ ಇರಬೇಕು ಎಂದರು.

ಒಳಗಿದ್ದ ಸಾಹೇಬರು, ಅದೇ ತರಬೇತಿಯ ಸಾಹೇಬರು, ನನ್ನನ್ನು ಗುರುತು ಹಿಡಿದರು. ಗುರುತು ಹಿಡಿದದ್ದು ಅವರ ಮುಖದ ಮೇಲೆ ಚೆನ್ನಾಗಿಯೇ ಕಾಣಿಸಿತು. ರಿಜಿಸ್ಟರಿನಲ್ಲಿ ಹುಟ್ಟಿದ ದಿನಾಂಕ ಒಮ್ಮೆ ಬಿದ್ದ ಮೇಲೆ ಕೋರ್ಟಿನ ಆದೇಶ ಇಲ್ಲದೆ ತಿದ್ದುವಂತಿಲ್ಲ ಎಂದರು. ನಾನು ಕೈ ಜಗ್ಗಿ ಕಿವಿ ಮುಟ್ಟಿಸಿ ಬರೆದ ಸುಳ್ಳು ಈಗ ಕೋರ್ಟಿಗೆ ಮಾತ್ರ ಬಗ್ಗುವ ಸತ್ಯವಾಗಿ ಕೂತಿತ್ತು. ಹಾಗಾದರೆ ಏನು ಮಾಡಲಿ ಎಂದು ಕೇಳಿದೆ. ಸಾಹೇಬರು ಕುರ್ಚಿಯಲ್ಲಿ ಮುಂದೆ ಬಾಗಿ, ದೊಡ್ಡ ಉಪಕಾರ ಮಾಡುವವರಂತೆ ದನಿ ತಗ್ಗಿಸಿ, "ಒಬ್ಬಾಕಿ ಶಾಲಿ ಬಿಟ್ಟಾಳ ಅಂತ ಬರದು ಕೊಡ್ರಿ ಮೇಡಂ. ಪ್ರಕರಣಾ ಮುಗೀತದ" ಎಂದರು. ಆ ಫಾರ್ಮು ಅವರ ಮೇಜಿನ ಖಾನೆಯಲ್ಲೇ ಇತ್ತು. ನನ್ನ ಮುಂದೆ ದೂಡಿದರು. ಶಾಲೆ ಬಿಡಲು ಕಾರಣ ಎಂಬ ಕಡೆ ಬಡತನ, ಮದುವೆ, ವಲಸೆ, ಅನಾಸಕ್ತಿ ಎಂದು ನಾಲ್ಕು ಆಯ್ಕೆಗಳಿದ್ದವು. ಕಂಪ್ಯೂಟರು ನುಂಗಿತು ಎಂಬ ಐದನೆಯ ಆಯ್ಕೆ ಇರಲಿಲ್ಲ. "ಬರಿಯಂಗಿಲ್ರಿ" ಎಂದು ಎದ್ದು ಬಂದೆ.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಪೇಪರು ಮಡಚಿಟ್ಟರು. "ನಿನ್ನ ಸಿಟ್ಟು ಖರೆ ಅದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಸರ್ಕಾರಿ ಪುಸ್ತಕದಾಗ ಗೀಚಬ್ಯಾಡ. ಅರ್ಜಿ ಕೊಡು, ಕಾಯಿ" ಎಂದರು. ಕಾಯಲು ಜೂನ್ ಎರಡೂವರೆ ತಿಂಗಳಷ್ಟೇ ದೂರವಿತ್ತು. ನಮ್ಮ ಅತ್ತೆಯವರು ಮಾತ್ರ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೇರ ವಿಷಯಕ್ಕೆ ಬಂದರು. "ಆ ಹುಡುಗಿ ಖರೇ ಹುಟ್ಟಿದ್ದು ಯಾವಾಗ?" ಎಂದು ಕೇಳಿದರು. ಇಷ್ಟು ದಿನ ಯಾರೂ, ಗುರುಪಾದಪ್ಪನವರಾಗಲಿ ಸಾಹೇಬರಾಗಲಿ ನಾನಾಗಲಿ, ಕೇಳಿರದ ಪ್ರಶ್ನೆ ಅದು. ನನಗೆ ನಾಚಿಕೆಯಾಯಿತು.

ಮರುದಿನ ಶಾಲೆ ಬಿಟ್ಟ ಮೇಲೆ ಗಿಡ್ಡ ಶರಣಿಯ ಮನೆಗೆ ಹೋದೆ. ಅವಳ ತಾಯಿ ನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೇಳಿದ ಕೂಡಲೇ, ಯೋಚಿಸಲೂ ನಿಲ್ಲದೆ ಹೇಳಿದಳು: "ಎಳ್ಳಮಾಸಿ ಮರುದಿನ್ರಿ ಅಕ್ಕೋರ. ಹೊಲದಾಗ ಕಾಳು-ಕಾಯಿಪಲ್ಲೆ ಭಜ್ಜಿ ಸಜ್ಜಿರೊಟ್ಟಿ ಉಂಡು ಮನಿಗಿ ಬಂದಿದ್ದೆ. ಹೊಟ್ಟಿ ನೂಸಾಕತ್ತು. ಭಜ್ಜಿ ಭಾಳ ಆಗ್ಯಾದ ಅಂತ ತಿಳಕೊಂಡು ಸುಮ್ಮಕ ಮಲಗಿದ್ದೆ. ಭಜ್ಜಿ ಅಲ್ರಿ ಅದು, ಇಕಿ." ನಾಗಮ್ಮ ನಕ್ಕಳು. ಆಮೇಲೆ ರೊಟ್ಟಿಯ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ, "ಇಕೀನ ತೋಟಕ್ಕ ಹಾಕಬ್ಯಾಡ್ರಿ ಅಂತ ನಮ್ಮ ಮನ್ಯಾವ್ರಿಗಿ ನಾ ಹೇಳಿದ್ರ ಕೇಳಂಗಿಲ್ಲ. ಕೈಯಾಗ ಒಂದು ಕಾಗದಾ ಇದ್ರ ಕೇಳ್ತಾರ. ನೀವು ಅದೊಂದು ಮಾಡ್ರಿ" ಎಂದಳು. ಬಸ್ಸಿನಲ್ಲಿ ಕೂತು ಬರುವಾಗ ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಅತ್ತೆಯವರ ಟ್ರಂಕಿನಲ್ಲಿ ಹಳೆಯ ಪಂಚಾಂಗಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ. ದೇವರ ಹೆಸರಿರುವ ಪುಸ್ತಕವನ್ನು ರದ್ದಿಗೆ ಹಾಕಬಾರದೆಂದು ನಲವತ್ತು ವರ್ಷದಿಂದ ಒಂದನ್ನೂ ಬಿಸಾಡಿಲ್ಲ. ಆ ಟ್ರಂಕು ಮನೆಯ ಜಾಗ ತಿನ್ನುತ್ತದೆ ಎಂದು ನಾನು ಎಷ್ಟು ಸಲ ಗೊಣಗಿದ್ದೆನೋ. ಆ ಸಂಜೆ ಅತ್ತೆಯವರು ಕನ್ನಡಕ ಏರಿಸಿಕೊಂಡು, ಬೇಕಾದ ವರ್ಷದ್ದನ್ನು ಹುಡುಕಿ ತೆಗೆದು, ಎಳ್ಳಮಾಸಿ ಬೀಳುವ ಮಾರ್ಗಶಿರ ಅಮಾವಾಸ್ಯೆಯ ಮುಂದೆ ಬೆರಳಿಟ್ಟರು. "ಅಗಬಾಈ, ಡಿಸೆಂಬರ್ ಇಪ್ಪತ್ತೊಂಬತ್ತಕ್ಕ ಹುಟ್ಟಿದ ಪೋರಿಗೆ ಜೂನ್ ಒಂದು ಅಂತ ಬರದೀಯೇನ? ಐದು ತಿಂಗಳಾ ಎಲ್ಲಿ ಹಾಕಿದಿ?" ಎಂದರು. ನಾಗಮ್ಮನ ಭಜ್ಜಿಯೂ ಅತ್ತೆಯವರ ಪಂಚಾಂಗವೂ ಸೇರಿ ಹತ್ತು ನಿಮಿಷದಲ್ಲಿ ಹೇಳಿದ್ದರ ಜಾಗದಲ್ಲಿ ನಾವು ಏಳು ವರ್ಷ ಸುಳ್ಳು ಬರೆದು ಇಟ್ಟುಕೊಂಡಿದ್ದೆವು.

ರಿಜಿಸ್ಟರು ಶಾಲೆಯ ಹೊರಗೆ ಹೋಗುವಂತಿಲ್ಲ. ಗುರುಪಾದಪ್ಪನವರನ್ನು ಕೇಳಿದೆ. ಅವರು ಬೀರುವಿನ ಕೀಲಿಯನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು. "ಅಕ್ಕೋರ, ನಂದಿನ್ನ ನೌಕರಿ ಎರಡು ವರ್ಷ ಉಳದದ. ನಾ ಕೊಟ್ಟಿಲ್ಲ, ನೀವು ತಗೊಂಡಿಲ್ಲ. ಜಲ್ದಿ ತಂದಿಡ್ರಿ" ಎಂದರು. ಅವರ ಮಟ್ಟಿಗೆ ಅದು ಬಂಡಾಯವೇ. ರಿಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು, ಇಬ್ಬರು ಶರಣಮ್ಮಂದಿರನ್ನೂ ನಾಗಮ್ಮನನ್ನೂ ಕರೆದುಕೊಂಡು ಕಲಬುರಗಿಯ ಬಸ್ಸು ಹತ್ತಿದೆ. ಉದ್ದ ಶರಣಿಗೆ ಚೀಟಿ ಸಿಕ್ಕಾಗಿತ್ತು, ಅವಳು ಬರಬೇಕೆಂದೇನೂ ಇರಲಿಲ್ಲ. ಆದರೂ, "ನಾ ಬರ್ಲಿಲ್ಲಂದ್ರ ಇಬ್ಬರು ಅಂತ ಹ್ಯಾಂಗ ಗೊತ್ತಾಗ್ತದ್ರಿ?" ಎಂದು ತಾನಾಗಿಯೇ ಹೊರಟಳು. ಗಣಿತದಲ್ಲಿ ಹದಿಮೂರು ತೆಗೆದವಳಿಗೆ ಇದ್ದ ಲೆಕ್ಕ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಸಾಹೇಬರ ಮೇಜಿನ ಮುಂದೆ ಇಬ್ಬರನ್ನೂ ನಿಲ್ಲಿಸಿದೆ. "ಎಣಸ್ರಿ ಸರ್" ಎಂದೆ. ಸಾಹೇಬರು ಎಣಿಸಲಿಲ್ಲ. ಮಕ್ಕಳನ್ನು ಯಾಕೆ ತಂದಿರಿ, ಮಕ್ಕಳಿಂದ ಏನಾಗುತ್ತದೆ, ದಾಖಲೆ ತನ್ನಿ ಎಂದರು. ದಾಖಲೆಯನ್ನೂ ತಂದಿದ್ದೇನೆಂದು ಚೀಲದಿಂದ ರಿಜಿಸ್ಟರು ತೆಗೆದು ಮೇಜಿನ ಮೇಲೆ ಬಿಚ್ಚಿ, ಆ ಪುಟ ತೋರಿಸಿದೆ. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಜೂನ್ ಒಂದು. "ಇದನ್ನ ಬರದಾಕಿ ನಾನು. ಇದು ಸುಳ್ಳು. ಇಷ್ಟು ಮಕ್ಕಳು ಒಂದ ದಿನ ಹುಟ್ಟಂಗಿಲ್ಲ ಅಂತ ನಿಮ್ಮ ಕಂಪ್ಯೂಟರಕ್ಕ ಸಂಶೇ ಬರ್ಲಿಲ್ಲ. ಈ ಇಬ್ಬರು ಬ್ಯಾರೆ ಇರಬಹುದು ಅಂತಾನೂ ಸಂಶೇ ಬರ್ಲಿಲ್ಲ. ನಂಗ ಬಂದದ. ನಾ ತಿದ್ದಾಕತ್ತೀನಿ" ಎಂದೆ. ಸಾಹೇಬರು ಕೈ ಅಡ್ಡ ಹಿಡಿದರು. "ಸಸ್ಪೆಂಡ್ ಆಗ್ತೀರಿ ಮೇಡಂ." "ಆಗ್ತೀನ್ರಿ. ಆದೇಶದಾಗ ಕಾರಣಾ ಪೂರ್ತಿ ಬರೀರಿ. ಖರೇ ತಾರೀಖು ಬರದಾಳ ಅಂತ ಬರೀರಿ."

ಚೀಲದಿಂದ ಕೆಂಪು ಪೆನ್ನು ತೆಗೆದೆ. ಧೈರ್ಯದಿಂದ ಮಾತಾಡುವುದು ಬೇರೆ, ಇಪ್ಪತ್ತು ವರ್ಷದ ನೌಕರಿಯನ್ನು ಪೆನ್ನಿನ ತುದಿಯಲ್ಲಿ ಇಡುವುದು ಬೇರೆ. ಸಾಹೇಬರು ನನ್ನನ್ನು ನೋಡಿದರು, ಹುಡುಗಿಯರನ್ನು ನೋಡಿದರು, ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದ ನಾಗಮ್ಮನನ್ನು ನೋಡಿದರು. ಆಮೇಲೆ ನಿಧಾನವಾಗಿ ಎದ್ದು, "ನಾ ಚಹಾ ಕುಡದು ಬರ್ತೀನಿ. ಹತ್ತು ನಿಮಿಷ ಹಿಡೀತದ" ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಆ ಮನುಷ್ಯನ ಬಗ್ಗೆ ನನಗಿದ್ದ ಸಿಟ್ಟಿನಲ್ಲಿ ನಾಲ್ಕಾಣೆಯಷ್ಟು ಅಲ್ಲಿಯೇ ಇಳಿಯಿತು.

ಕೆಂಪು ಶಾಯಿಯಲ್ಲಿ ಜೂನ್ ಒಂದನ್ನು ಹೊಡೆದು ಹಾಕಿದೆ. ಮೇಲೆ ಡಿಸೆಂಬರ್ ಇಪ್ಪತ್ತೊಂಬತ್ತು ಎಂದು ಬರೆದೆ. ಪಕ್ಕದಲ್ಲಿ, ಈ ಮೊದಲಿನ ತಪ್ಪು ನನ್ನದು ಎಂದು ಬರೆದು ಪೂರ್ತಿ ಸಹಿ ಮಾಡಿದೆ. ಖಾಜಾಮಿಯಾ ರಿಜಿಸ್ಟರನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಎಂದಿಗಿಂತ ಮೆಲ್ಲಗೆ ಕೀಲಿ ಒತ್ತಿದರು. ಪ್ರಿಂಟರು ಕರಕರ ಸದ್ದು ಮಾಡುತ್ತ ಒಂದು ಚೀಟಿಯನ್ನು ಹೊರಗೆ ತಳ್ಳಿತು. ಖಾಜಾಮಿಯಾ ಅದನ್ನು ಹರಿದು ಗಿಡ್ಡ ಶರಣಿಯ ಕೈಗೆ ಕೊಡುತ್ತ, "ಲೇ ಬೇಟೀ, ಈಗ ನೀ ಹುಟ್ಟೀದಿ" ಎಂದರು. ಅವಳು ನಂಬರನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ನಾಗಮ್ಮನಿಗೆ ಓದಲು ಬರುವುದಿಲ್ಲ, ಆದರೂ ಚೀಟಿಯನ್ನು ಇಸಿದುಕೊಂಡು ಎರಡೂ ಕಡೆ ತಿರುಗಿಸಿ ನೋಡಿ, ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ನನಗೆ ಕಣ್ಣು ತುಂಬಿ ಬಂತು. ಅಂಥ ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಅನುಭವಿಸಿರಲಿಲ್ಲ, ನಮ್ಮ ಯಜಮಾನರು ಇದನ್ನು ಓದಿದರೂ ಚಿಂತೆಯಿಲ್ಲ.

ಒಂದು ತಿಂಗಳಿಗೆ ನೋಟಿಸು ಬಂತು. ಚಹಾ ಕುಡಿಯಲು ಹೋಗಿದ್ದ ಸಾಹೇಬರದೇ ಸಹಿ. ಅನುಮತಿಯಿಲ್ಲದೆ ದಾಖಲೆ ತಿದ್ದಿದ್ದಕ್ಕೆ ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಯಿತು. ಇನ್ನೊಮ್ಮೆ ದಿನಾಂಕದ ವಿಷಯದಲ್ಲಿ ಕೈಯಾಡಿಸಿದರೆ ಕಠಿಣ ಕ್ರಮ ಎಂದಿತ್ತು. ಗಿಡ್ಡ ಶರಣಿ ಎಂಟನೆಯ ತರಗತಿ ಸೇರಿದಳು. ಅವಳಪ್ಪ ತೋಟಕ್ಕೆ ಬೇರೆ ಆಳನ್ನು ನೋಡಿಕೊಂಡ. ನಾನು ಎಚ್ಚರಿಕೆ ಪತ್ರವನ್ನು ಅತ್ತೆಯವರ ಟ್ರಂಕಿನಲ್ಲಿ ಇಟ್ಟು, ಇನ್ನು ಮೇಲೆ ನನ್ನ ಕೈಯಿಂದ ಸುಳ್ಳು ದಿನಾಂಕ ಬೀಳುವುದಿಲ್ಲ, ಒಂದು ಮಗುವೂ ಸರ್ಕಾರದ ಲೆಕ್ಕದಿಂದ ತಪ್ಪಬಾರದು ಎಂದು ನಿಶ್ಚಯಿಸಿದೆ.

ಆ ಜೂನ್‌ನಲ್ಲಿ ಗಿಡ್ಡ ಶರಣಿ ತನ್ನ ತಂಗಿಯನ್ನು ಒಂದನೆಯ ತರಗತಿಗೆ ಸೇರಿಸಲು ಕರೆದುಕೊಂಡು ಬಂದಳು. ನಾಗಮ್ಮನೂ ಜೊತೆಗಿದ್ದಳು. ನಾನು ಉತ್ಸಾಹದಿಂದ ನಿಜವಾದ ದಿನಾಂಕ ಕೇಳಿ, ತಂದಿಟ್ಟುಕೊಂಡಿದ್ದ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ನಿಯಮದ ಪ್ರಕಾರ ಜೂನ್ ಒಂದಕ್ಕೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು. ಮಗುವಿಗೆ ಒಂಬತ್ತು ದಿನ ಕಡಿಮೆ ಬಿತ್ತು. ಮಗು ತನ್ನ ಹೆಸರು ಆಗಲೇ ಸ್ಲೇಟಿನ ಮೇಲೆ ಬರೆಯುತ್ತಿತ್ತು, ಅಕ್ಕ ಕಲಿಸಿದ್ದಳು. "ಅದೇನೋ ಜೂನ್ ಒಂದು ಅಂತ ಬರೀತಾರಂತಲ್ರೀ, ಅದನ್ನ ಬರೀರಿ ಅಕ್ಕೋರ" ಎಂದಳು ನಾಗಮ್ಮ. ಗುರುಪಾದಪ್ಪನವರು ಇಷ್ಟು ವರ್ಷ ಆ ಪುಟ್ಟ ಕೈಗಳನ್ನು ಯಾಕೆ ಜಗ್ಗುತ್ತಿದ್ದರೆಂದು ನನಗೆ ಆಗ ತಿಳಿಯಿತು. ಅವರು ಸೋಮಾರಿ ಎಂದುಕೊಂಡಿದ್ದೆ. ನಾನು ಪೆನ್ನನ್ನು ಎತ್ತಿದೆ, ಇಳಿಸಿದೆ. ಬರೆದರೆ ಸುಳ್ಳು, ಬರೆಯದಿದ್ದರೆ ಮಗುವಿನ ಒಂದು ವರ್ಷ ಹೋಯಿತು. ಕೊನೆಗೆ ರಿಜಿಸ್ಟರು ಮುಚ್ಚಿ, "ಹೋಗು, ಒಳಗ ಕೂಡು" ಎಂದು ಮಗುವಿಗೆ ಹೇಳಿದೆ. ಹೆಸರು ಎಲ್ಲಿಯೂ ಬರೆಯಲಿಲ್ಲ.

ಆಗಸ್ಟ್‌ನಲ್ಲಿ ಸಾಹೇಬರೇ ತಪಾಸಣೆಗೆ ಬಂದರು. ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು ಬೆರಳು ಆಡಿಸುತ್ತ ಎಣಿಸಿದರು. ಕೈಯಲ್ಲಿದ್ದ ಕಂಪ್ಯೂಟರಿನ ಹಾಳೆ ನೋಡಿದರು. ಮತ್ತೆ ಎಣಿಸಿದರು. "ಹಾಳಿಯಾಗ ಇಪ್ಪತ್ತೆಂಟು ಅದಾವ. ಇಲ್ಲಿ ಇಪ್ಪತ್ತೊಂಬತ್ತು ಆಗಾಕತ್ತಾವಲ್ರೀ ಮೇಡಂ?" ಎಂದರು. ನಾನು ಸೆರಗು ಸರಿಮಾಡಿಕೊಂಡು, ಮುಖದ ಒಂದು ಗೆರೆಯೂ ಅಲುಗದ ಹಾಗೆ, "ಮಕ್ಕಳನ್ಯಾಕ ಎಣಸ್ತೀರಿ ಸರ್? ದಾಖಲಾ ನೋಡ್ರಿ. ಇಪ್ಪತ್ತೆಂಟ" ಎಂದೆ. ಸಾಹೇಬರು ಇಪ್ಪತ್ತೆಂಟು ಎಂದು ಬರೆದು, ಚಹಾ ಇದೆಯೇ ಎಂದು ಕೇಳುತ್ತ ಗುರುಪಾದಪ್ಪನವರ ಕೋಣೆಯ ಕಡೆ ನಡೆದರು. ನಾನು ಒಳಗೆ ಹೋಗಿ, ಎರಡನೆಯ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಆ ಮಗುವಿನ ಹತ್ತಿರ ಬಗ್ಗಿ, ಇನ್ನೊಮ್ಮೆ ಸಾಹೇಬರು ಬಂದಾಗ ಅಕ್ಕನ ಹಾಗೆ ತಲೆ ಎತ್ತಿ ಕೂಡಬ್ಯಾಡ, ಸ್ವಲ್ಪ ತಗ್ಗು ಎಂದು ಕಿವಿಯಲ್ಲಿ ಹೇಳಿಕೊಟ್ಟೆ.